ಭುಜ ಜಾರದ ಬ್ಲೌಸು, ಪುಕ್ಕಟೆ

ಪುಕ್ಕಟೆ ಕೊಟ್ಟರೆ ಜನ ಮುಗಿಬೀಳುತ್ತಾರೆ ಎಂದು ನೀವು ನಂಬಿದ್ದರೆ, ನೀವಿನ್ನೂ ಯಾರಿಗೂ ಏನನ್ನೂ ಪುಕ್ಕಟೆ ಕೊಡಲು ಹೋಗಿಲ್ಲ ಎಂದೇ ಅರ್ಥ. ನಾನು ಹೋಗಿದ್ದೇನೆ. ಎರಡು ಸಲ ಸೋತು, ಮೂರನೆಯ ಸಲ ಗೆದ್ದು ಬಂದಿದ್ದೇನೆ. ಗೆದ್ದವರಿಗೆ ಅದನ್ನು ಹೇಳಿಕೊಂಡು ತಿರುಗುವ ಚಟ ಇರುತ್ತದೆ, ಸ್ವಲ್ಪ ಸಹಿಸಿಕೊಳ್ಳಿ.

ಕೊಪ್ಪಳ ಜಿಲ್ಲೆಯಾದ ವರ್ಷವೇ ನನ್ನ ಹೊಲಿಗೆ ತರಗತಿಯೂ ಶುರುವಾಯಿತು. ಎರಡಕ್ಕೂ ಸಂಬಂಧವಿಲ್ಲವೆಂದು ನಮ್ಮ ಯಜಮಾನರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಹೊಸ ಜಿಲ್ಲೆಗೆ ಹೊಸ ಕಚೇರಿಗಳು ಬಂದವು, ಕಚೇರಿಗಳ ಹಿಂದೆ ಅಧಿಕಾರಿಗಳು ಬಂದರು, ಅಧಿಕಾರಿಗಳ ಹಿಂದೆ ಅವರ ಹೆಂಡಂದಿರು ಬಂದರು. ಆ ಹೆಂಡಂದಿರಿಗೆ ಉದ್ದುದ್ದ ಮಧ್ಯಾಹ್ನಗಳಿದ್ದವು. ನಮ್ಮ ಮನೆಯ ರಸ್ತೆ ಕಡೆಯ ಕೋಣೆಯಲ್ಲಿ ಹೊಲಿಗೆ ಯಂತ್ರಗಳು ಬಿಡುವಿಲ್ಲದೆ ಓಡುತ್ತಿದ್ದವು. ಆಮೇಲೆ ರೆಡಿಮೇಡ್ ಬಂತು, ಅದರ ಬೆನ್ನಿಗೇ ಫೋನಿನಲ್ಲಿ ಹೊಲಿಗೆ ಕಲಿಸುವ ವಿಡಿಯೋಗಳು ಬಂದವು. ಒಂದೊಂದಾಗಿ ಯಂತ್ರಗಳಿಗೆಲ್ಲ ಹಳೆ ಸೀರೆಯ ಮುಸುಕು ಹಾಕಿದೆ. ಅವುಗಳ ನಡುವೆ ಕೂತರೆ, ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು ಏನೂ ಹೇಳದೆ ಎದ್ದುಹೋದ ಮನೆಯಲ್ಲಿ ಕೂತ ಹಾಗಿರುತ್ತಿತ್ತು.

ಖಾಲಿ ಕೋಣೆ ಮೊದಲು ಕಂಡದ್ದು ನನ್ನ ಮೈದುನ ಶರಣಪ್ಪನಿಗೆ. ನಮ್ಮ ಮನೆಗೆ ಹತ್ತಿಕೊಂಡೇ ಅವನ ಟೈಲ್ಸ್ ಅಂಗಡಿ. ಮಾಲು ಇಡಲು ಅವನಿಗೆ ಜಾಗ ಸಾಲದು.

“ವೈನಿ, ಆ ಖೋಲಿ ಸುಮ್ಮನ ಬಿದ್ದೈತಲ್ರಿ. ಟೈಲ್ಸ್ ಇಡಾಕ ಕೊಡ್ರಿ. ನೀವೂ ಭಾಳ ದುಡದೀರಿ, ಇನ್ನ ಆರಾಮ ಇರ್ರಿ” ಎಂದ ಒಂದು ದಿನ, ಚಹಾ ಕುಡಿಯುತ್ತ.

ಅವನು ಕೆಟ್ಟವನಲ್ಲ. ಆದರೆ ಆ ‘ಆರಾಮ’ ಎಂಬ ಮಾತು ಕೇಳಿ, ಮುಸುಕು ನನಗೂ ಒಂದು ತಯಾರಾಗುತ್ತಿದೆ ಅನ್ನಿಸಿತು.

“ಉಗಾದಿ ತನಕ ತಡಿ, ಶರಣಪ್ಪ. ಅಷ್ಟರಾಗ ಖೋಲಿ ತುಂಬಲಿಲ್ಲಂದ್ರ ನಾನಽ ಬೀಗದಕೈ ತಂದು ಕೊಡ್ತೀನಿ” ಎಂದುಬಿಟ್ಟೆ. ಹೇಗೆ ತುಂಬಿಸುವುದು ಎಂದು ಯೋಚಿಸಿದ್ದು ಅವನು ಹೋದ ಮೇಲೆ. ಬಟ್ಟೆ ಕತ್ತರಿಸುವಾಗ ನಾಲ್ಕು ಸಲ ಅಳೆಯುವ ನಾನು, ಮಾತಾಡುವಾಗ ಒಮ್ಮೆಯೂ ಅಳೆಯುವುದಿಲ್ಲ.

ವ್ಯಾಪಾರ ಕಲಿಸುವ ಒಂದು ವಿಡಿಯೋದಲ್ಲಿ ದಾರಿ ಸಿಕ್ಕಿತು. ಹೊಲಿಗೆಯ ಮೇಲೆ ಆಸೆ ಇರುವವರ ಇ-ಮೇಲ್ ವಿಳಾಸ ಕೂಡಿಸಬೇಕು, ವಾರಕ್ಕೊಂದು ಪತ್ರ ಬರೆಯಬೇಕು, ನಂಬಿಕೆ ಬೆಳೆದ ಮೇಲೆ ತರಗತಿಗೆ ಕರೆಯಬೇಕು. ಫೋನಿನ ಗುಂಪನ್ನು ನಾನು ಆಗಲೇ ಕಟ್ಟಿ ನೋಡಿದ್ದೆ. ಅಲ್ಲಿ ತೋಳಿನ ಅಳತೆಯ ಚಿತ್ರ ಹಾಕಿದರೆ, ಹಿಂದೆಯೇ ಶುಭೋದಯದ ಗುಲಾಬಿಗಳು ಸುರಿದು ನನ್ನ ತೋಳು ಹೂವಿನಡಿ ಹುಗಿದುಹೋಗುತ್ತಿತ್ತು. ಪತ್ರ ಹಾಗಲ್ಲ, ಅದು ಒಬ್ಬರ ಕೈಗೇ ಹೋಗಿ ಮುಟ್ಟುತ್ತದೆ. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಇ-ಮೇಲ್ ಎಲ್ಲಿ ಇರುತ್ತದೆ ಎನ್ನಬೇಡಿ. ಇರುತ್ತದೆ. ಹೊಸ ಫೋನು ಕೊಂಡ ದಿನ ಅಂಗಡಿಯವನೇ ಒಂದು ಮಾಡಿಕೊಟ್ಟಿರುತ್ತಾನೆ. ಇದೆ ಎಂದು ಅವರಿಗೆ ಗೊತ್ತಿರುವುದಿಲ್ಲ, ಅಷ್ಟೆ. ಆದರೆ ವಿಳಾಸವನ್ನು ಯಾರೂ ಸುಮ್ಮನೆ ಕೊಡುವುದಿಲ್ಲ. ಅದಕ್ಕೆ ಮೊದಲು ನೀವೇ ಏನಾದರೂ ಪುಕ್ಕಟೆ ಕೊಡಬೇಕು.

ಕೊಡುವುದರಲ್ಲಿ ನಾನು ಜಿಪುಣಿಯಲ್ಲ. ದಸರೆಯಿಂದ ದೀಪಾವಳಿಯ ತನಕ ಕೂತು ‘ಸಂಪೂರ್ಣ ಹೊಲಿಗೆ ಜ್ಞಾನ’ ಎಂಬ ದಪ್ಪ ಪುಸ್ತಕ ಬರೆದೆ. ಅದರಲ್ಲಿ ಏನಿರಲಿಲ್ಲ! ಮನುಷ್ಯ ಮೊದಲು ಎಲುಬಿನ ಸೂಜಿ ಮಾಡಿಕೊಂಡದ್ದು, ಹತ್ತಿಯ ಕಥೆ, ಗುಂಡಿಗಳ ಬಗೆಗಳು, ಎಲ್ಲವೂ ಇದ್ದವು. ವಿಳಾಸ ಕೊಟ್ಟವರಿಗೆ ಈ ಪುಸ್ತಕ ಪುಕ್ಕಟೆ ಎಂದು ಸಾರಿದೆ. ವಿಳಾಸ ಕೊಟ್ಟವರು ನಮ್ಮ ಯಜಮಾನರು, ಮೈದುನ, ಮತ್ತು ಶಮೀಮ್.

ಶಮೀಮ್ ನನ್ನ ಹಳೆಯ ಶಿಷ್ಯೆ. ಈಗ ಬಜಾರದಲ್ಲಿ ಸೀರೆಗೆ ಫಾಲು ಹಚ್ಚುವ ಸ್ವಂತ ಅಂಗಡಿ ಇಟ್ಟಿದ್ದಾಳೆ. ಪುಸ್ತಕ ಹೇಗಿದೆ ಎಂದು ಆಕೆಯನ್ನು ಕೇಳಿದೆ.

“ಭಾಳ ಛಲೋ ಐತ್ರಿ ಅಕ್ಕಾರ. ಎಲುಬಿನ ಸೂಜಿ ತನಕ ಬಂದೀನಿ. ಬ್ಲೌಸು ಬರೂದರಾಗ ನಿದ್ದಿ ಬಂತ್ರಿ” ಎಂದಳು.

ಸಿಟ್ಟು ಬಂತು. ಪುಸ್ತಕವನ್ನು ಮೂಲೆಗಿಟ್ಟು, ಈ ಸಲ ಆಸೆ ಹುಟ್ಟಿಸುವಂಥದ್ದೇ ಕೊಡೋಣವೆಂದು, ವಿಳಾಸ ಕೊಟ್ಟವರಲ್ಲಿ ಒಬ್ಬರಿಗೆ ಚೀಟಿ ಎತ್ತಿ ಒಳ್ಳೆಯ ಕತ್ತರಿ ಬಹುಮಾನ ಎಂದೆ. ಜನ ಬಂದರು ನೋಡಿ, ಸಂತೆಗೆ ಬಂದಂತೆ! ಇದರಿಂದ ಕುರಿ ಉಣ್ಣೆ ಕತ್ತರಿಸಲು ಬರುತ್ತದೆಯೇ ಎಂದು ಯಲಬುರ್ಗಾ ಕಡೆಯವರೊಬ್ಬರು ಕೇಳಿದರು. ಕೊನೆಗೆ ಕತ್ತರಿ ಗೆದ್ದವರು ಕುಷ್ಟಗಿಯ ಒಂದು ಗ್ಯಾರೇಜಿನವರು. ಸೀಟು ಕವರು ಕತ್ತರಿಸಲು ಛಲೋ ಐತೆಂದು ಫೋನು ಮಾಡಿ ಹರಸಿದರು. ಮುಂದಿನ ವಾರ ನಾನು ತೋಳು ಕೂಡಿಸುವ ಬಗ್ಗೆ ಮನಸ್ಸಿಟ್ಟು ಬರೆದ ಪತ್ರವನ್ನು ಹೆಚ್ಚುಕಡಿಮೆ ಯಾರೂ ತೆರೆಯಲಿಲ್ಲ. ಅವರು ಬಂದದ್ದು ಕತ್ತರಿಗೆ, ಕತ್ತರಿ ಹೋಯಿತು, ಅವರೂ ಹೋದರು. ಸಂಕ್ರಾಂತಿ ಆಗಲೇ ಮುಗಿದಿತ್ತು.

ಇಲ್ಲಿ ‘ಕೊಸರು’ ಎಂಬ ನಮ್ಮ ಹಳೆಯ ಪದದ ಬಗ್ಗೆ ಎರಡು ಮಾತು ಹೇಳಲೇಬೇಕು. ತೂಕ ಮುಗಿದ ಮೇಲೆ ಕಾಯಿಪಲ್ಲೆಯವಳು ಚೀಲಕ್ಕೆ ಹಾಕುವ ಆ ಒಂದು ಹಿಡಿಗೆ ಕೊಸರು ಎನ್ನುತ್ತೇವೆ. ಕೊಳ್ಳುವವರು ಅದನ್ನು ಹಕ್ಕೆಂದು ಕೇಳುತ್ತಾರೆ, ಕೊಡುವವಳು ದೊಡ್ಡ ಉಪಕಾರವೆಂದು ಕೊಡುತ್ತಾಳೆ, ಇಬ್ಬರೂ ಗೆದ್ದೆವೆಂದುಕೊಂಡು ಮನೆಗೆ ಹೋಗುತ್ತಾರೆ. ಆ ದಿನಗಳಲ್ಲಿ ನಾನು ಬಜಾರದಲ್ಲಿ ನಿಂತು ಇದನ್ನೇ ನೋಡುತ್ತಿದ್ದೆ. ಬದನೆಕಾಯಿ ಕೊಂಡವರಿಗೆ ಆಕೆ ಒಂದಿಷ್ಟು ಕೊತ್ತಂಬರಿ ಕೊಡುತ್ತಾಳೆ. ಕನ್ನಡಿಯನ್ನೋ ಬಾಚಣಿಕೆಯನ್ನೋ ಕೊಡುವುದಿಲ್ಲ. ಬುಟ್ಟಿಯನ್ನೇ ಎತ್ತಿ ಸುರಿಯುವುದೂ ಇಲ್ಲ. ಅಂದಿನ ಪಲ್ಯಕ್ಕೆ ಬೇಕಾದಷ್ಟೇ ಕೊಡುತ್ತಾಳೆ. ನಾನು ಒಮ್ಮೆ ಬುಟ್ಟಿ ಸುರಿದಿದ್ದೆ, ಇನ್ನೊಮ್ಮೆ ಕನ್ನಡಿ ಕೊಟ್ಟಿದ್ದೆ.

ಹಾಗಾದರೆ ನನ್ನ ಕೊತ್ತಂಬರಿ ಯಾವುದು? ಅದು ಸಿಕ್ಕಿದ್ದು ಗಂಗಾವತಿ ಕಡೆಯ ಸಿದ್ದಾಪುರದ ಒಂದು ಮದುವೆಯಲ್ಲಿ. ಶಮೀಮ್ ಮತ್ತು ನಾನು ಒಟ್ಟಿಗೆ ಹೋಗಿದ್ದೆವು. ಮದುಮಕ್ಕಳ ತಲೆಗೆ ಅಕ್ಕಿಕಾಳು ಹಾಕಲು ಹೆಂಗಸರೆಲ್ಲ ಎದ್ದು ನಿಂತರು. ಬಲಗೈ ಮೇಲೆತ್ತಿದ್ದೇ ತಡ, ಒಬ್ಬೊಬ್ಬರ ಎಡಗೈ ತಾನಾಗಿ ಭುಜಕ್ಕೆ ಹೋಯಿತು. ಬ್ಲೌಸು ಜಾರುತ್ತಿತ್ತು! ಮದುಮಗಳ ತಾಯಿ ಜಾರಿದ್ದನ್ನು ಎಳೆದುಕೊಂಡರು, ಬೀಗಿತ್ತಿ ಎಳೆದುಕೊಂಡರು, ಫೋಟೋಕ್ಕೆ ನಗುತ್ತಲೇ ಮದುಮಗಳೂ ಎಳೆದುಕೊಂಡಳು.

“ಶಮೀಮ್, ಅಲ್ಲಿ ನೋಡು” ಎಂದೆ.

“ಏನ್ ನೋಡ್ಲಿ ಅಕ್ಕಾರ, ನಂದಽ ಜಾರಾಕ ಹತ್ತೈತಿ” ಎಂದಳು ಆಕೆ, ತನ್ನ ಭುಜ ಎಳೆದುಕೊಳ್ಳುತ್ತ.

ಊಟದಲ್ಲಿ ಏನು ಬಡಿಸಿದರೋ ನನಗೆ ನೆನಪಿಲ್ಲ. ಮನೆಗೆ ಬಂದವಳೇ ಒಂದೇ ಒಂದು ಹಾಳೆ ಬರೆದೆ. ಬೆನ್ನಿನ ಕಡೆಯ ಕೊರಳನ್ನು ಆಳ ಮಾಡಿದಷ್ಟೂ ಅದರ ಅಗಲ ಕಡಿಮೆ ಮಾಡಬೇಕು, ಭುಜಕ್ಕೆ ಇಳಿಜಾರು ಕೊಡಬೇಕು. ಒಂದು ಚಿತ್ರ, ನಾಲ್ಕು ಅಳತೆ, ಮುಗಿಯಿತು. ಎಲುಬಿನ ಸೂಜಿಯನ್ನು ಸೇರಿಸಲು ಕೈ ತುರಿಸಿತು, ತಡೆದುಕೊಂಡೆ. ‘ಭುಜ ಜಾರದ ಬ್ಲೌಸು, ಒಂದೇ ಹಾಳೆಯಲ್ಲಿ, ಪುಕ್ಕಟೆ. ನಿಮ್ಮ ಇ-ಮೇಲ್ ಕೊಡಿ, ಹಾಳೆ ಕಳಿಸುತ್ತೇನೆ, ವಾರಕ್ಕೊಂದು ಪತ್ರವನ್ನೂ ಬರೆಯುತ್ತೇನೆ, ಬೇಡವಾದಾಗ ಬಿಡಬಹುದು’ ಎಂದು ಚೀಟಿ ಅಚ್ಚು ಹಾಕಿಸಿ, ಫೋನು ಹಿಡಿದರೆ ನನ್ನ ಪುಟ ತೆರೆಯುವ ಚೌಕವನ್ನೂ ಅದರಲ್ಲಿ ಕೂಡಿಸಿದೆ. ಶಮೀಮಳ ಅಂಗಡಿಯಲ್ಲಿ ಒಂದು ಅಂಟಿಸಿದೆವು. ಉಳಿದವನ್ನು ಗಂಗಾವತಿ, ಕುಷ್ಟಗಿ, ಯಲಬುರ್ಗಾದ ದಾರ-ಗುಂಡಿಯ ಅಂಗಡಿಗಳಿಗೆ ಬಸ್ಸಿನಲ್ಲಿ ಹೋಗಿ ಕೊಟ್ಟು ಬಂದೆವು.

ಮರುದಿನ ರೊಟ್ಟಿ ಬಡಿಯುತ್ತಿದ್ದಾಗ ಫೋನು ಟಿಣ್ ಎಂದಿತು. ಹಿಟ್ಟಿನ ಕೈಯಲ್ಲೇ ನೋಡಿದೆ, ಗಂಗಾವತಿಯಿಂದ ಒಂದು ವಿಳಾಸ ಬಂದಿತ್ತು. ಮತ್ತೆ ಟಿಣ್. ಈ ಸಲ ಬೇವೂರಿನಿಂದ. ಹಂಚಿನ ಮೇಲಿನ ರೊಟ್ಟಿ ಕರಕಾಯಿತು, ಯಜಮಾನರು ಅದನ್ನೇ ಮೊಸರಿನಲ್ಲಿ ಅದ್ದಿಕೊಂಡು ತಿಂದರು. ಆ ವಾರವಿಡೀ ಟಿಣ್ ಟಿಣ್ ನಿಲ್ಲಲಿಲ್ಲ. ಪತ್ರ ಹೋದರೆ ಈಗ ಉತ್ತರ ಬರತೊಡಗಿತು. ಕುಷ್ಟಗಿಯ ಒಬ್ಬ ಮಾಸ್ತರರು ಬರೆದರು: “ಅಕ್ಕಾರ, ಈ ಇ-ಮೇಲ್ ನಂದ್ರಿ, ಬ್ಲೌಸು ನಮ್ಮ ಮನಿಯಾಕಿದು. ಪ್ರತಿ ವಾರ ನಾನಽ ಓದಿ ಹೇಳತೀನಿ. ಪತ್ರ ನಿಲ್ಲಸಬ್ಯಾಡ್ರಿ, ನಿಂತ್ರ ಮನಿಯಾಗ ಊಟ ಸಿಗೂದಿಲ್ಲ.” ಮೊದಲ ಬಾರಿ ಒಬ್ಬಾಕೆ ಇನ್ನು ಪತ್ರ ಬೇಡವೆಂದು ಬಿಟ್ಟುಹೋದಾಗ ಮಾತ್ರ ನನಗೆ ಊಟ ಸೇರಲಿಲ್ಲ.

“ಹಾಳಿ ಒಯ್ದಾಳ, ಬ್ಲೌಸು ಹೊಲಕೊಂಡಾಳ, ಹೋಗ್ಯಾಳ. ಚಂದ ಇರ್ಲಿ ಬಿಡ್ರಿ” ಎಂದಳು ಶಮೀಮ್. ಆಮೇಲೆ ನಾನು ಹೋದವರ ಕಡೆ ನೋಡುವುದನ್ನೇ ಬಿಟ್ಟೆ.

ಉಗಾದಿ ಹತ್ತಿರ ಬಂದಾಗ, ಕೊಪ್ಪಳದ ನಮ್ಮ ಮನೆಯಲ್ಲೇ ಬ್ಲೌಸಿನ ತರಗತಿ ಶುರು, ಬರುವವರು ಸೋಮವಾರ ಬನ್ನಿ ಎಂದು ಪತ್ರದಲ್ಲಿ ಬರೆದೆ. ಸೋಮವಾರ ಬೆಳಿಗ್ಗೆ ಮೊದಲು ಬಂದವನು ಶರಣಪ್ಪ. ಕೈಯಲ್ಲಿ ಟೇಪು.

“ಸಿಟ್ಟಾಗಬ್ಯಾಡ್ರಿ ವೈನಿ. ಎಷ್ಟು ಪೆಟ್ಟಿಗಿ ಹಿಡಸ್ತಾವ, ಸುಮ್ಮನ ಒಮ್ಮಿ ಅಳತಿ ಮಾಡಿ ಇಡ್ತೀನಿ” ಎಂದು ಬಾಗಿಲಿನಿಂದ ಗೋಡೆಗೆ ಟೇಪು ಎಳೆದ. ನಾನು ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಆಟೋ ನಿಂತಿತು. ಅದರ ಹಿಂದೆ ಇನ್ನೊಂದು. ಗಂಗಾವತಿಯ ಬಸ್ಸು ಇಳಿದ ಹೆಂಗಸರು ಕೈಚೀಲ ಹಿಡಿದು ಒಳಗೆ ಬಂದರು. ಮುಂದಿದ್ದಾಕೆ ಶರಣಪ್ಪನ ಕೈಯಲ್ಲಿನ ಟೇಪು ನೋಡಿ, “ಬ್ಲೌಸಿನ ಮಾಸ್ತರು ನೀವಽ ಏನ್ರಿ?” ಎಂದಳು.

ಶರಣಪ್ಪ ಬಿಟ್ಟ ಟೇಪು ಸರ್ರನೆ ಸುತ್ತಿಕೊಂಡು ಅವನ ಮುಷ್ಟಿ ಸೇರಿತು. “ಇಲ್ಲವಾ, ನಾ ಟೈಲ್ಸ್... ಅಕ್ಕಾರ ಅಲ್ಲಿ ಅದಾರ ನೋಡ್ರಿ” ಎಂದು ಗೋಡೆಗೆ ಒತ್ತಿಕೊಂಡು ನಿಂತ. ಬರುವವರು ಬರುತ್ತಲೇ ಇದ್ದರು. ಮಧ್ಯಾಹ್ನದ ಹೊತ್ತಿಗೆ ಮುಸುಕುಗಳೆಲ್ಲ ಮೂಲೆಯಲ್ಲಿ ರಾಶಿ ಬಿದ್ದಿದ್ದವು, ಕೂರಲು ಜಾಗ ಸಾಲದೆ ಶರಣಪ್ಪನೇ ತನ್ನ ಅಂಗಡಿಯ ಕುರ್ಚಿಗಳನ್ನು ಹೊತ್ತು ತಂದ. ಯಂತ್ರಗಳೆಲ್ಲ ಒಟ್ಟಿಗೇ ಓಡತೊಡಗಿದಾಗ ನಾನು ಅಡುಗೆಮನೆಗೆ ಹೋಗಿ, ನೀರು ಕುಡಿಯುವ ನೆಪದಲ್ಲಿ, ಒಂದು ಸಲ ಚೆನ್ನಾಗಿ ನಕ್ಕು ಬಂದೆ.

ಅಂಗಡಿಯ ಹಿಂದಿನ ಜಾಗಕ್ಕೆ ತಗಡು ಹೊದಿಸಿ ಮಾಲು ಇಟ್ಟುಕೊಂಡ ಶರಣಪ್ಪ, ಹಬ್ಬ ಮುಗಿದ ಮೇಲೆ ಬಂದು ತಲೆ ಕೆರೆದುಕೊಂಡ. “ವೈನಿ, ನನ್ನ ಟೈಲ್ಸಿಗೂ ಹಂಗಽ ಒಂದು ಹಾಳಿ ಬರದು ಕೊಡ್ರಿ.”

“ಬರಿಯೂಣಂತ. ನಿನ್ನ ಗಿರಾಕಿಗಳು ಏನ್ ಕೇಳ್ತಾರ?”

“ಅವರೇನ್ ಕೇಳ್ತಾರ್ರಿ, ನಾನಽ ಹೇಳ್ತಿರ್ತೀನಿ.”

ಒಂದು ದಿನ ಬಾಯಿ ಮುಚ್ಚಿಕೊಂಡು ಅಂಗಡಿಯಲ್ಲಿ ಕೂತು ಬಾ ಎಂದು ಕಳಿಸಿದೆ. ಅದು ಅವನಿಗೆ ಉಪವಾಸಕ್ಕಿಂತ ಕಷ್ಟದ ವ್ರತ. ಸಂಜೆ ಬಂದವನ ಮುಖ ಬೇರೆಯೇ ಇತ್ತು.

“ಟೈಲ್ಸಿನ ಮಾತು ಯಾರೂ ಆಡೂದಽ ಇಲ್ಲಲ್ರಿ ವೈನಿ! ಒಬ್ಬಾಕಿ ಅವ್ವ ಬಚ್ಚಲದಾಗ ಜಾರಿ ಬಿದ್ದಾಳಂತ. ಇನ್ನೊಬ್ಬನ ಮಗ ಎಲ್ಲಾ ಗ್ವಾಡಿ ಮ್ಯಾಲ ಗೀಚ್ಯಾನಂತ. ಬರೇ ಮನಿ ಮಂದಿ ಸುದ್ದಿ.”

ಪೆನ್ಸಿಲು ಅವನ ಕೈಗೆ ಕೊಟ್ಟು, ಕತ್ತರಿಸುವ ಮೇಜಿನ ಮೇಲೆ ಬಿಳಿ ಹಾಳೆ ಹಾಸಿದೆ.

“ಅವ್ವನ ಸುದ್ದಿ ಮೊದಲು ಬರಿ” ಎಂದೆ.