ಸರಕು, ಬೆಟ್ಟೆ ಮತ್ತು ದೋಣಿ ಅಜ್ಜಿ

ಒಂದನ್ನು ಹುಡುಕುವಾಗ ಇನ್ನೊಂದು ಸಿಗುವುದು ನನ್ನ ಮಟ್ಟಿಗೆ ನಿಯಮವೇ ಆಗಿಬಿಟ್ಟಿದೆ. ಕಳೆದ ಭಾನುವಾರ ರೇಷನ್ ಕಾರ್ಡಿಗೆಂದು ಕಪಾಟಿನ ಮೇಲಿನ ಅರೆಗೆ ಕೈ ಹಾಕಿದವನಿಗೆ ಜಿಪ್ಪಿನ ಸಿ.ಡಿ. ಚೀಲವೊಂದು ಸಿಕ್ಕಿತು. ಒಳಗೆ ಹನ್ನೊಂದು ಸಿ.ಡಿ.ಗಳು, ಸ್ಕೆಚ್ ಪೆನ್ನಿನಲ್ಲಿ ಬರೆದ ಹೆಸರುಗಳು ಅರ್ಧ ಅಳಿಸಿಹೋಗಿದ್ದವು. ಹನ್ನೆರಡನೆಯ ಜೇಬಿನಲ್ಲಿ ಸಿ.ಡಿ. ಇರಲಿಲ್ಲ, ಒಂದು ಒಣ ಅಡಿಕೆ ಇತ್ತು. ಸಿ.ಡಿ.ಗಳನ್ನು ಕಂಡು ನಗು ಬಂತು. ಅಡಿಕೆಯನ್ನು ಕಂಡ ಮೇಲೆ ರೇಷನ್ ಕಾರ್ಡು ಮರೆತೇಹೋಯಿತು.

ನಿಮ್ಮ ಮನೆಯಲ್ಲಿ ಕಾಲೇಜಿಗೆ ಹೋಗುವವರಿದ್ದರೆ ನಿಮಗೂ ಈ ಜಗಳದ ಪರಿಚಯವಿರಬಹುದು: ಜಪಾನಿನ ಅನಿಮೆ ಸರಣಿಗಳಲ್ಲಿ ಯಾವುದು ಎಲ್ಲಕ್ಕಿಂತ ಶ್ರೇಷ್ಠ? ಈಗ ಒಬ್ಬರ ಮುಖ ಒಬ್ಬರು ನೋಡದವರು ಫೋನಿನಲ್ಲೇ ಪಟ್ಟಿ ಮಾಡಿ, ಫೋನಿನಲ್ಲೇ ಕಚ್ಚಾಡುತ್ತಾರೆ. ನಾನು ಕದ್ದು ಓದುತ್ತಿರುತ್ತೇನೆ. ಮೂರನೆಯದು ಯಾಕೆ ಮೂರನೆಯದು, ಎರಡನೆಯದು ಯಾಕಲ್ಲ ಎಂದು ಇವರು ಹೇಗೆ ತೀರ್ಮಾನಿಸುತ್ತಾರೆ ಎನ್ನುವುದು ನನಗೆ ಇಂದಿಗೂ ತೀರದ ಕುತೂಹಲ. ನಮ್ಮ ಕಾಲದಲ್ಲಿ ಅದಕ್ಕೊಂದು ಪದ್ಧತಿಯಿತ್ತು. ನಮ್ಮ ಕಾಲ ಎಂದರೆ ಎರಡು ಸಾವಿರದ ಆರೋ ಏಳೋ ಇರಬೇಕು. ನಾವು ಎಂದರೆ ನಾನು ಮತ್ತು ಶಶಿ.

ಶಶಿ ಬೇಗಾರಿನವನು. ಪಿ.ಯು.ಸಿ. ಓದಲು ಜಯಪುರದ ತನ್ನ ಸೋದರತ್ತೆಯ ಮನೆಯಲ್ಲಿದ್ದ. ನಾನು ಮೇಗುಂದದ ಕಡೆಯಿಂದ ಬಂದು ಜಯಪುರದಲ್ಲಿ ಅವನ ಜೊತೆ ಕೊಪ್ಪದ ಬಸ್ಸು ಹತ್ತುತ್ತಿದ್ದೆ. ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಅವನ ಅಣ್ಣ ರಜೆಗೆ ಬಂದಾಗಲೆಲ್ಲ ಸಿ.ಡಿ. ತುಂಬಿ ತರುತ್ತಿದ್ದ. ಮಾತೆಲ್ಲ ಜಪಾನಿ, ಕೆಳಗೆ ಇಂಗ್ಲಿಷ್ ಅಕ್ಷರ. ಆ ಇಂಗ್ಲಿಷನ್ನು ಓದಿ ಮುಗಿಸುವಷ್ಟರಲ್ಲಿ ಚಿತ್ರ ಮುಂದೆ ಹೋಗಿರುತ್ತಿತ್ತು. ಹಾಗಾಗಿ ಅರ್ಧ ಕಥೆ ಅವರದ್ದು, ಅರ್ಧ ನಮ್ಮದು. ಅವನ್ನು ಕಾರ್ಟೂನ್ ಎಂದು ಕರೆದರೆ ಶಶಿಗೆ ಸಿಟ್ಟು ಬರುತ್ತಿತ್ತು. "ಅನಿಮೆ ಅನ್ನು ಮಾರಾಯ" ಎಂದು ಬಸ್ಸಿನಲ್ಲಿ ಎಲ್ಲರೆದುರೂ ತಿದ್ದುತ್ತಿದ್ದ.

ಅವನ ಅತ್ತೆ ಸರೋಜಮ್ಮ, ನನಗೂ ಸರೋಜತ್ತೆಯೇ. ಅವರು ಅಡಿಕೆ ಆರಿಸುವುದರಲ್ಲಿ ಸುತ್ತಿನ ನಾಲ್ಕೂರಿಗೆ ಹೆಸರಾದವರು. ಬೇಯಿಸಿ ಒಣಗಿಸಿದ ಅಡಿಕೆಯನ್ನು ಗುಡ್ಡೆ ಹಾಕಿಕೊಂಡು ದರ್ಜೆ ಬೇರ್ಪಡಿಸಬೇಕು: ಎಲ್ಲಕ್ಕಿಂತ ಮೇಲಿನದು ಸರಕು, ಆಮೇಲೆ ಬೆಟ್ಟೆ, ಆಮೇಲೆ ರಾಶಿ, ಕೊನೆಗೆ ಗೊರಬಲು. ಕೆಂಪು ದಾರದಲ್ಲಿ ಅವರು ಬಾಯಿ ಹೊಲಿದ ಮೂಟೆಯನ್ನು ಕೊಪ್ಪದ ಮಂಡಿಯಲ್ಲಿ ಬಿಚ್ಚಿ ನೋಡುತ್ತಿರಲಿಲ್ಲ. ದಾರ ಕಂಡರೆ ಸಾಕಿತ್ತು. ಅಕ್ಕಪಕ್ಕದ ಮನೆಯವರೂ ತಮ್ಮ ಬೆಳೆಯನ್ನು ಅವರ ಜಗಲಿಗೇ ತಂದು ಸುರಿಯುತ್ತಿದ್ದರು.

ಪರೀಕ್ಷೆ ಮುಗಿದ ರಜೆಯಲ್ಲಿ ನಾವಿಬ್ಬರೂ ಆ ಜಗಲಿಯಲ್ಲಿ ಕೂತು ಅಡಿಕೆ ಆರಿಸುತ್ತಿದ್ದೆವು. ಕೈಗೆ ಕೆಲಸ, ಬಾಯಿಗೆ ರಜೆ. ಅನಿಮೆಗಳಿಗೂ ಅಡಿಕೆಯ ದರ್ಜೆಯನ್ನೇ ಕೊಡುವ ಪದ್ಧತಿ ಶುರುವಾದದ್ದು ಹಾಗೆ. ಕೆಮಿಸ್ಟ್ರಿ ರೆಕಾರ್ಡಿನ ಹಿಂಬದಿಯಲ್ಲಿ ನಾಲ್ಕು ಅಂಕಣ ಗೀಚಿದ್ದೆವು. ಜಪಾನಿ ಹೆಸರುಗಳು ನಾಲಿಗೆಗೆ ಒಗ್ಗದ್ದರಿಂದ ನಾವೇ ಹೆಸರಿಟ್ಟುಕೊಂಡಿದ್ದೆವು. ಶಶಿಯ ಪ್ರಕಾರ 'ಒಂಟಿ ಕತ್ತಿ'ಯೊಂದೇ ಅಪ್ಪಟ ಸರಕು. ನನಗೆ 'ದೊಡ್ಡ ಯಂತ್ರ'ದ ಮುಂದೆ ಮಿಕ್ಕದ್ದೆಲ್ಲ ಗೊರಬಲು. ಇನ್ನೊಂದಿತ್ತು, 'ದೋಣಿ ಅಜ್ಜಿ'. ಒಬ್ಬಳು ಮುದುಕಿ ದಿನಾ ಕೆರೆ ದಾಟಿಸುತ್ತಾಳೆ, ದಿನಕ್ಕೊಬ್ಬರು ದೋಣಿ ಹತ್ತುತ್ತಾರೆ, ಮಾತಾಡುತ್ತಾರೆ, ಇಳಿಯುತ್ತಾರೆ. ಹೊಡೆದಾಟವಿಲ್ಲ, ಬೆಂಕಿಯಿಲ್ಲ. ಮೂರು ಕಂತು ನೋಡಿ ಇಬ್ಬರೂ ಒಮ್ಮತದಿಂದ ಅದನ್ನು ಗೊರಬಲಿಗೆ ಬರೆದೆವು. ನಮ್ಮೊಳಗೆ ಒಮ್ಮತವಿದ್ದದ್ದು ಅದೊಂದರಲ್ಲೇ.

ಮನೆಯ ಕಂಪ್ಯೂಟರಿನಲ್ಲಿ ಸಿ.ಡಿ. ನೋಡುವಾಗ ಸರೋಜತ್ತೆ ಆಗೊಮ್ಮೆ ಈಗೊಮ್ಮೆ ನಮ್ಮ ಹಿಂದೆ ಬಂದು ನಿಲ್ಲುತ್ತಿದ್ದರು.

"ಆ ಅಜ್ಜಿ ಎಂತಕ್ಕೆ ಹೊತ್ತು ಮುಳುಗಿದ್ರೂ ಮನೆಗೆ ಹೋಗೂದಿಲ್ಲ ಮಾಣಿ? ಯಾರನ್ನ ಕಾಯ್ತಾ ಇದಾಳೆ?"

"ಅದು ಗೊರಬಲು ಅತ್ತೆ, ಬಿಡಿ" ಎನ್ನುತ್ತಿದ್ದ ಶಶಿ.

"ಪೂರ್ತಿ ನೋಡಿದ್ರಾ?"

"ಇಲ್ಲ."

"ನೋಡ್ದೆ ಹೆಂಗೆ ಹೇಳ್ತೀರಿ?" ಎಂದು ಅವರು ಮತ್ತೆ ಅಡಿಕೆಯ ಕಡೆ ಹೋಗುತ್ತಿದ್ದರು. ಯಾವ ದರ್ಜೆಯೆಂದು ತಿಳಿಯದ ಅಡಿಕೆಯನ್ನು ಅವರು ಪಕ್ಕದ ಮೊರಕ್ಕೆ ಹಾಕಿಟ್ಟು ಮರುದಿನ ಬೆಳಗಿನ ಬೆಳಕಿನಲ್ಲಿ ಇನ್ನೊಮ್ಮೆ ನೋಡುತ್ತಿದ್ದರು. ನಮ್ಮ ಪಟ್ಟಿಯಲ್ಲಿ ಅಂಥ ಮೊರ ಇರಲಿಲ್ಲ. ಹದಿನೇಳನೆಯ ವಯಸ್ಸಿನಲ್ಲಿ ಯಾರಿಗೆ ಅನುಮಾನ ಬರುತ್ತದೆ ಹೇಳಿ!

ಕೊನೆಯ ಮೂಟೆಗಳ ದಿನ ಸರೋಜತ್ತೆ ಯಾರದೋ ಮನೆಯ ನಾಮಕರಣಕ್ಕೆ ಹೋಗಿದ್ದರು. ಜಗಲಿಯಲ್ಲಿ ನಾವಿಬ್ಬರೇ. ಮೊದಲ ಸ್ಥಾನ ಅವತ್ತು ಇತ್ಯರ್ಥವಾಗಲೇಬೇಕಿತ್ತು.

"ನಿನ್ನ ಯಂತ್ರ ಬೆಟ್ಟೆ ಮಾರಾಯ, ಬೆಟ್ಟೆ!" ಎಂದು ಅವನು ಕೂಗಿದ.

"ಸರಕು! ಕಣ್ಣು ಬಿಟ್ಟು ನೋಡು, ಸರಕು!" ಎಂದು ನಾನು ಕಿರುಚಿದೆ.

ಹೀಗೆ ಎಷ್ಟು ಹೊತ್ತೋ. ನಡುವೆ ನೀರು ಕುಡಿಯಲು ಎದ್ದವನು ನೋಡುತ್ತೇನೆ, ನನ್ನ ಕೈ ನನ್ನ ಬಾಯಿಯ ಮಾತನ್ನೇ ಕೇಳಿಬಿಟ್ಟಿತ್ತು. ನಾನು ಸರಕು ಎಂದಾಗಲೆಲ್ಲ ಕೈಯಲ್ಲಿದ್ದದ್ದು ಸರಕಿನ ಗುಡ್ಡೆಗೆ ಬಿದ್ದಿತ್ತು, ಅದು ಏನೇ ಆಗಿರಲಿ. ಶಶಿಯದ್ದೂ ಅದೇ ಕಥೆ. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಮೇಲಿನದಷ್ಟನ್ನು ಆರಿಸಿ ತೆಗೆದು, ಒಳಗಿನದು ಯಾರಿಗೆ ಕಾಣುತ್ತದೆ ಎಂದುಕೊಂಡೆವು. ಸಂಜೆ ಬಂದ ಸರೋಜತ್ತೆ ನಮ್ಮನ್ನು ನಂಬಿ ಮೂಟೆಗೆ ತುಂಬಿ ಕೆಂಪು ದಾರ ಹಾಕಿದರು.

ಮಂಡಿಯಲ್ಲಿ ಅವತ್ತು ಹೊಸ ಖರೀದಿದಾರನೊಬ್ಬನಿದ್ದ. ಅವನಿಗೆ ಕೆಂಪು ದಾರದ ಮಹಿಮೆ ಗೊತ್ತಿರಲಿಲ್ಲ. ದಾರ ಕೊಯ್ದು ಮೊಣಕೈವರೆಗೆ ಕೈ ಇಳಿಸಿ ಒಂದು ಹಿಡಿ ತೆಗೆದ. ಸರಕಿನ ಮೂಟೆಯಿಂದ ಬೆಟ್ಟೆ ಬಂತು. ಇನ್ನೊಂದು ಹಿಡಿ, ಮತ್ತಷ್ಟು ಬೆಟ್ಟೆ. ಮಂಡಿಯ ಗುಮಾಸ್ತರು ಬಹಳ ಮೆತ್ತಗೆ, "ಸರೋಜಮ್ಮನ ಮೂಟೇಲಿ ಹೀಗಾ?" ಎಂದರು. ಆ ಮೆತ್ತಗಿನ ದನಿಯೇ ಹೆಚ್ಚು ನಾಟಿತು. ಮೂಟೆ ಇಳಿಸಲು ಹೋಗಿದ್ದ ನಾವಿಬ್ಬರೂ ಹತ್ತು ಹೆಜ್ಜೆ ಹಿಂದೆ ನಿಂತಿದ್ದೆವು. ಸರೋಜತ್ತೆ ಆ ಅಡಿಕೆಗಳನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ, "ನನ್ನ ಕಣ್ಣು ಮಂಜಾಯ್ತು ಕಾಣುತ್ತೆ" ಎಂದರು.

ನಾವು ಬಾಯಿ ಬಿಡಲಿಲ್ಲ. ನೆಲಕ್ಕೆ ಬಿದ್ದ ಒಂದು ಅಡಿಕೆಯನ್ನು ನಾನು ಯಾಕೋ ಎತ್ತಿ ಜೇಬಿಗೆ ಹಾಕಿಕೊಂಡೆ, ಆಮೇಲೆ ಸಿ.ಡಿ. ಚೀಲದೊಳಗೆ ಇಟ್ಟೆ.

ಕಣ್ಣಿನ ಡಾಕ್ಟರು ಏನೂ ತೊಂದರೆಯಿಲ್ಲ ಎಂದರಂತೆ. ಸರೋಜತ್ತೆ ಡಾಕ್ಟರನ್ನು ನಂಬಲಿಲ್ಲ, ಮಂಡಿಯನ್ನು ನಂಬಿದರು. ಮುಂದಿನ ವರ್ಷದಿಂದ ಅಡಿಕೆ ಆರಿಸಲು ಕೂರಲೇ ಇಲ್ಲ. ಜಗಲಿಗೆ ಬೇರೆಯವರು ಅಡಿಕೆ ತಂದು ಸುರಿಯುವುದೂ ನಿಂತಿತು. ನಾನು ಕೊಪ್ಪದಲ್ಲೇ ಮೇಷ್ಟ್ರಾದೆ. ಮದುವೆ ಮುಂಜಿಗಳಲ್ಲಿ ಅವರು ಸಿಕ್ಕಾಗಲೆಲ್ಲ ಕಾಲಿಗೆ ಬಿದ್ದು, ಊಟದ ಪಂಕ್ತಿ ಹುಡುಕಿಕೊಂಡು ಬೇಗ ಸರಿದುಹೋಗುತ್ತಿದ್ದೆ. ಮಕ್ಕಳಿಗೆ ಸತ್ಯ ಹೇಳಬೇಕೆಂದು ಪಾಠ ಮಾಡುವ ಮನುಷ್ಯ ನಾನು!

ಭಾನುವಾರ ಅಡಿಕೆ ಸಿಕ್ಕಿದ ಮೇಲೆ ನರಸಿಂಹರಾಜಪುರದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಶಶಿಗೆ ಫೋನ್ ಮಾಡಿದೆ. "ನೀನೇ ಹೋಗು ಮಾರಾಯ. ನಂಗೆ ಮುಖ ಇಲ್ಲ" ಎಂದ. ನನಗೂ ಇರಲಿಲ್ಲ, ಆದರೂ ಮಧ್ಯಾಹ್ನದ ಬಸ್ಸಿಗೆ ಜಯಪುರಕ್ಕೆ ಹೋದೆ.

ಸರೋಜತ್ತೆ ಜಗಲಿಯಲ್ಲಿ ಹೂವಿನ ಬತ್ತಿ ಹೊಸೆಯುತ್ತಿದ್ದರು. ಅಡಿಕೆಯನ್ನು ಅವರ ಅಂಗೈಯಲ್ಲಿಟ್ಟೆ. ಕನ್ನಡಕಕ್ಕೆ ಕೈ ಹಾಕಲಿಲ್ಲ. ಹೆಬ್ಬೆರಳಿನಲ್ಲಿ ಒಮ್ಮೆ ಉಜ್ಜಿ ಬೆಳಕಿಗೆ ಹಿಡಿದರು.

"ಬೆಟ್ಟೆ. ಹಳೇದು. ಎಲ್ಲಿಂದ ತಂದೆ?"

"ನಿಮ್ಮ ಸರಕಿನ ಮೂಟೆಯಿಂದ ಅತ್ತೆ. ಹಾಕಿದ್ದು ನಾನು. ಶಶೀನೂ ಇದ್ದ. ಯಾವ ಅನಿಮೆ ಮೊದಲು ಅಂತ ಜಗಳ ಆಡ್ತಾ ಕೈ ತಪ್ಪಿತು. ನಿಮ್ಮ ಕಣ್ಣಿಗೆ ಎಂತದೂ ಆಗಿರಲಿಲ್ಲ."

ಅವರು ಬತ್ತಿಯನ್ನು ಪಕ್ಕಕ್ಕಿಟ್ಟರು. ನನ್ನನ್ನು ನೋಡಲಿಲ್ಲ, ಅಡಿಕೆಯನ್ನೂ ನೋಡಲಿಲ್ಲ. ಖಾಲಿ ಜಗಲಿಯನ್ನು ನೋಡಿದರು.

"ಅವತ್ತೇ ಹೇಳ್ಬಾರದಿತ್ತಾ ಮಾಣಿ? ಎಷ್ಟು ವರ್ಷ ಕೂರ್ತಿದ್ದೆ ನಾನು ಇಲ್ಲಿ."

ನನಗೆ ಅಳು ಬಂತು. ಸಮಾಧಾನ ಮಾಡಲು ಅವರು ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಒಳಗೆ ಹೋಗಿ ಕಾಫಿ ತಂದು ಎದುರಿಗಿಟ್ಟರು. ನಾನು ಕುಡಿದು ಮುಗಿಸಿ ಲೋಟ ಕೆಳಗಿಟ್ಟೆ.

"ಕಡೆಗೆ ಯಾವುದು ಮೊದಲು ಬಂತು?" ಎಂದು ಕೇಳಿದರು.

"ತೀರ್ಮಾನ ಆಗ್ಲೇ ಇಲ್ಲ ಅತ್ತೆ."

"ಆ ದೋಣಿ ಅಜ್ಜಿ ಯಾರನ್ನ ಕಾಯ್ತಿದ್ಲು?"

"ಗೊತ್ತಿಲ್ಲ. ನಾವು ಪೂರ್ತಿ ನೋಡ್ಲೇ ಇಲ್ಲ."

ಚೀಲದಲ್ಲಿದ್ದ ಹಳೆಯ ಸಿ.ಡಿ. ಓಡುವ ಭರವಸೆ ನನಗಿರಲಿಲ್ಲ. ಫೋನಿನಲ್ಲಿ ಹುಡುಕಿದೆ, ಇಪ್ಪತ್ತಾರು ಕಂತೂ ಸಿಕ್ಕವು. ಕಂಬಕ್ಕೆ ಫೋನ್ ಒರಗಿಸಿಟ್ಟು, ಕೆಳಗಿನ ಇಂಗ್ಲಿಷನ್ನು ಕನ್ನಡದಲ್ಲಿ ಹೇಳುತ್ತಾ ಕೂತೆ. ಎರಡನೆಯ ಕಂತು ಮುಗಿದಾಗ ತಡೆಯಲಾರದೆ, "ಯಾವ ದರ್ಜೆ ಅತ್ತೆ?" ಎಂದು ಕೇಳಿದೆ.

ಸರೋಜತ್ತೆ ಪಕ್ಕದಲ್ಲಿದ್ದ ಮೊರವನ್ನು ಹತ್ತಿರಕ್ಕೆ ಎಳೆದುಕೊಂಡು ನನ್ನ ಅಡಿಕೆಯನ್ನು ಅದರೊಳಗೆ ಹಾಕಿದರು.

"ನಾಳೆ ಬಾ. ಪೂರ್ತಿ ನೋಡಿ ಹೇಳ್ತೀನಿ."