ತಳ ಹಿಡಿಯದ ಅಚ್ಚು

ಆಳಂದದ ಕಲ್ಯಾಣಪ್ಪನ ಮನೆಯಲ್ಲಿ ಯಾರದೇ ಹುಟ್ಟುಹಬ್ಬ ಬರಲಿ, ಕೇಕು ಮಾಡುವವಳು ಅವನ ಅಕ್ಕ ಗುರಮ್ಮ. ಊರಿಗೆ ಬೇಕರಿ ಬಂದ ಮೇಲೂ ಈ ಪದ್ಧತಿ ತಪ್ಪಲಿಲ್ಲ. ಬೇಕರಿಯವರು ತತ್ತಿ ಹಾಕುತ್ತಾರೆ, ಲಿಂಗ ಕಟ್ಟಿದವರ ಮನೆಗೆ ಅದು ನಡೆಯುವುದಿಲ್ಲ. ಗುರಮ್ಮನದು ರವೆ, ಮೊಸರು, ಸಕ್ಕರೆ, ಡಾಲ್ಡಾದ ಕೇಕು. ಕಲಿಸಿದವಳು ಪಕ್ಕದ ಮನೆಯ ಹಜರಾಬಿ. ದೊಡ್ಡ ಬೋಗುಣಿಯಲ್ಲಿ ಮರಳು ಹರಡಿ ಒಲೆಯ ಮೇಲಿಟ್ಟು, ಮರಳಿನ ಮೇಲೆ ಹಿಟ್ಟಿನ ಡಬ್ಬಿ ಕೂರಿಸಿ, ತಾಟು ಮುಚ್ಚಿ, ಆ ತಾಟಿನ ಮೇಲೂ ಕೆಂಡ ಸುರಿಯಬೇಕು.

ಗುರಮ್ಮನನ್ನು ಅಫಜಲಪುರಕ್ಕೆ ಕೊಟ್ಟಿದ್ದರು. ವರ್ಷ ತುಂಬುವುದರೊಳಗೆ, ಎಪ್ಪತ್ಮೂರರ ಬೇಸಿಗೆಯಲ್ಲಿ, ಗಂಡ ಜ್ವರ ಬಂದು ಹೋದ. ಅವಳು ಅಳಲಿಲ್ಲ. ಮನೆ ತುಂಬ ನೆರೆದ ಹೆಂಗಸರು ಅಳಿಸಲು ನೋಡಿದರು, ಭುಜ ಹಿಡಿದು ಅಲ್ಲಾಡಿಸಿದರು, ಗಟ್ಟಿ ಹೆಂಗಸು ಎಂದು ಮೂಗು ಮುರಿದರು. ಅವಳು ಗಟ್ಟಿಯೂ ಅಲ್ಲ, ಮಣ್ಣೂ ಅಲ್ಲ. ಒಳಗೆ ಎಲ್ಲೋ ಜೋಮು ಹಿಡಿದಿತ್ತು, ಅದು ಬಿಡಲೇ ಇಲ್ಲ. ತಮ್ಮ ಕರೆದ, ಬಂದಳು. ಅಡುಗೆಮನೆ ತೋರಿಸಿದರು, ಹೊಕ್ಕಳು.

ಬಂದ ದಿನ, "ನೀವು ಉಣ್ರಿ, ನಾ ಹಿಂದಾಗಡೆ ಉಣ್ತೇನಿ" ಎಂದಿದ್ದಳು. ಒಂದು ಹೊತ್ತಿಗೆಂದು ಆಡಿದ ಮಾತು ಆ ಮನೆಯ ಕಾಯಿದೆಯಾಗಿ ಕೂತಿತು. ಮನೆಯವರು ಕೆಟ್ಟವರೇನಲ್ಲ. ಕೆಟ್ಟವರಾಗಿದ್ದರೆ ನಾವು ಬೈದಾದರೂ ಸಮಾಧಾನಪಡಬಹುದಿತ್ತು. ಹಬ್ಬಕ್ಕೆ ಸೀರೆ ತಂದರು, ಮೈಗೆ ಆರಾಮಿಲ್ಲದಾಗ ದವಾಖಾನೆಗೆ ಒಯ್ದರು. ಪಾಲು ಹಾಕುವಾಗ ಮಾತ್ರ ಅವಳು ಯಾರ ನೆನಪಿಗೂ ಬರುತ್ತಿರಲಿಲ್ಲ. ಕೇಕನ್ನು ಕೊಯ್ದು ಹಂಚಿದ ಮೇಲೆ ತಟ್ಟೆ ಖಾಲಿ, ಡಬ್ಬಿ ಅವಳ ಕೈಗೆ.

ಡಬ್ಬಿಯ ತಳಕ್ಕೆ ಅಷ್ಟಿಷ್ಟು ಕೇಕು ಸೀದು ಅಂಟಿರುತ್ತಿತ್ತು. ಮೊದಮೊದಲು ತಿಕ್ಕಲು ಸುಲಭವಾಗಲೆಂದು ಅದನ್ನು ಕೆರೆದು ತೆಗೆಯುತ್ತಿದ್ದಳು. ಒಂದು ಸಲ ಬಾಯಿಗೆ ಹಾಕಿಕೊಂಡಳು. ಕಹಿ, ಅದರ ಹಿಂದೆಯೇ ಸಿಹಿ. ಆಮೇಲೆ ಡಬ್ಬಿಗೆ ಡಾಲ್ಡಾ ಸವರುವಾಗ ನಡುವೆ ಅಂಗೈಯಗಲ ಜಾಗ ಬೇಕೆಂದೇ ಬಿಡತೊಡಗಿದಳು. ಅಲ್ಲಿ ಕೇಕು ತಪ್ಪದೆ ಹಿಡಿಯುತ್ತಿತ್ತು. ಎಲ್ಲರೂ ಪಡಸಾಲೆಯಲ್ಲಿ ನಗುತ್ತಿರುವಾಗ ಬಾಗಿಲ ಹಿಂದೆ ನಿಂತು ಚಮಚದಿಂದ ಕೆರೆಕೆರೆದು ತಿನ್ನುವಳು. ಕಳ್ಳತನವೆಂದರೆ ಕಳ್ಳತನ. ಆದರೆ ಆ ಮನೆಯಲ್ಲಿ ಇದು ನನ್ನದು ಎನ್ನಲು ಅವಳಿಗಿದ್ದದ್ದು ಅದೊಂದೇ.

ತೊಂಬತ್ತೆಂಟರಲ್ಲಿ ಹಜರಾಬಿಯ ಮಗ ರಾಜೇಸಾಬ ದುಬೈಯಿಂದ ರಜೆಗೆ ಬಂದ. ಅಲ್ಲಿ ಹೋಟೆಲಿನ ಅಡುಗೆಮನೆಯಲ್ಲಿ ಅವನ ಕೆಲಸ. ಗುರಮ್ಮನಿಗೆಂದು ಕೆಂಪು ಬಣ್ಣದ, ಹೂವಿನಾಕಾರದ ಒಂದು ಅಚ್ಚು ತಂದಿದ್ದ. ಮುಟ್ಟಿದರೆ ರಬ್ಬರಿನ ಹಾಗೆ ಬಳುಕುತ್ತಿತ್ತು.

"ಇದನ್ನ ಒಲಿ ಮ್ಯಾಲ ಇಟ್ರ ಕರಗಂಗಿಲ್ಲೇನೋ?" ಎಂದಳು ಗುರಮ್ಮ.

"ಇಲ್ರಿ ಚಿಗವ್ವ, ಇದು ಸಿಲಿಕೋನ್. ಕೆಂಡಕ್ಕ ತಾಗಬಾರ್ದು ಅಷ್ಟೇ. ಮೆತ್ತಗ ಅದ, ಎತ್ತುವಾಗ ಹಿಟ್ಟು ಚೆಲ್ತದ, ತಾಟಿನ್ಯಾಗ ಕೂಡಿಸಿ ಇಡ್ರಿ. ಡಾಲ್ಡಾ ಸವರೂದೂ ಬ್ಯಾಡ. ಒಂದು ಚೂರೂ ತಳ ಹಿಡ್ಯಂಗಿಲ್ಲ ನೋಡ್ರಿ."

ಕಲ್ಯಾಣಪ್ಪನ ಹೆಂಡತಿ ಶಾರದಾಬಾಯಿಗೆ ಅಚ್ಚು ಬಹಳ ಸೇರಿತು. ಮೊಮ್ಮಗಳ ಮೊದಲ ಹುಟ್ಟುಹಬ್ಬದ ಕೇಕು ಇದರಲ್ಲೇ ಆಗಲಿ ಎಂದಳು. ಗುರಮ್ಮನಿಗೆ ಹೆದರಿಕೆಯಾಯಿತು. ಗಂಡ ಹೋದಾಗ ಬಾರದ ಹೆದರಿಕೆ ಒಂದು ರಬ್ಬರಿನ ತುಂಡಿಗೆ ಬಂತಲ್ಲ ಎಂದು ತನ್ನ ಮೇಲೆ ತನಗೇ ನಾಚಿಕೆಯೂ ಆಯಿತು.

ಹುಟ್ಟುಹಬ್ಬದ ದಿನ ಅವಳು ಅಚ್ಚಿಗೆ ಏನೂ ಸವರಲಿಲ್ಲ. ಕೆಂಡ ಹೆಚ್ಚು ಹಾಕಿದಳು. ಘಮ ಬಂದ ಮೇಲೂ ಇಳಿಸದೆ ಇನ್ನಷ್ಟು ಹೊತ್ತು ಬಿಟ್ಟಳು. ಎಲ್ಲಾದರೂ ಒಂದಿಷ್ಟು ಹಿಡಿದೀತು ಎಂಬ ಆಸೆ. ಆರಿದ ಮೇಲೆ ಶಾರದಾಬಾಯಿ ತಾನೇ ಅಚ್ಚನ್ನು ಬೋರಲು ಹಾಕಿ ಬೆನ್ನು ಒತ್ತಿದಳು. ಕೇಕು ಎಸಳೆಸಳಾಗಿ, ಇಡಿಯಾಗಿ ತಾಟಿಗೆ ಬಿತ್ತು. ನೆಂಟರು ಬೆರಗಾಗಿ ನೋಡಿದರು. ಕೊಯ್ದದ್ದಾಯಿತು, ಹಂಚಿದ್ದಾಯಿತು, ಅಚ್ಚು ಗುರಮ್ಮನ ಕೈಗೆ ಬಂತು.

ಒಳಗೆ ಬೆರಳಾಡಿಸಿದಳು. ಒಂದು ಕಾಳಿನಷ್ಟೂ ಸಿಗಲಿಲ್ಲ. ಅಡುಗೆಮನೆಯ ಹೊಸ್ತಿಲು ದಾಟಿ ಪಡಸಾಲೆಗೆ ಬಂದಳು.

"ಶಾರದಾ, ನನಗೊಂದು ತುಂಡು ಕೊಡು."

ದನಿ ಏರಿರಲಿಲ್ಲ. ಆದರೂ ಎಲ್ಲರೂ ಅವಳತ್ತ ತಿರುಗಿದರು. ತಾಟು ಖಾಲಿಯಾಗಿತ್ತು. ಕಲ್ಯಾಣಪ್ಪ ತಿನ್ನುತ್ತಿದ್ದ ಕೈ ತಡೆದ.

"ಅಕ್ಕಾ, ನಿನಗ ಸೀದ ತಳ ಅಂದ್ರ ಜೀವ ಅಲ್ಲೇನು? ಬಾಗಲ ಹಿಂದ ನಿಂತು ತಿಂತಿದ್ದಿ. ಎಲ್ಲಾರಿಗೂ ಗೊತ್ತಿತ್ತು. ಅದಕ್ಕ ಯಾರೂ ಆ ತಳಕ್ಕ ಕೈ ಹಚ್ತಿದ್ದಿಲ್ಲ. ಹುಡುಗರಿಗೂ ಹೇಳಿಟ್ಟಿದ್ದೆ, ಅದು ಅತ್ತಿದು ಅಂತ."

ಅವನು ಸುಳ್ಳಾಡುತ್ತಿರಲಿಲ್ಲ. ಇಷ್ಟು ವರ್ಷ ಅವಳು ಕದ್ದಳೆಂದುಕೊಂಡದ್ದನ್ನು ಅವರು ಪ್ರೀತಿಯಿಂದ ಬಿಟ್ಟುಕೊಟ್ಟಿದ್ದರು. ಗುರಮ್ಮನಿಗೆ ಸಿಟ್ಟು ಬರಬೇಕಿತ್ತೋ, ಅಳು ಬರಬೇಕಿತ್ತೋ. ಎರಡೂ ಬರಲಿಲ್ಲ.

ಶಾರದಾಬಾಯಿ ತನ್ನ ತುಂಡನ್ನು ಮುರಿದು, ತುಟಿ ತಾಗದ ಭಾಗವನ್ನು ಅವಳ ಕೈಗಿಟ್ಟಳು. ಕೇಕಿನ ನಡುವಿನ ಭಾಗ ಅದು, ಮೆತ್ತಗಿತ್ತು. ತಾನೇ ಎಷ್ಟೋ ಸಲ ಮಾಡಿದ್ದರೂ ಗುರಮ್ಮ ಅದರ ರುಚಿ ಕಂಡವಳಲ್ಲ. ನಿಂತಲ್ಲೇ ನಿಧಾನಕ್ಕೆ ತಿಂದಳು.

"ಹ್ಯಾಂಗದರಿ ಅಕ್ಕಾರ?" ಎಂದಳು ಶಾರದಾಬಾಯಿ.

ಚೆನ್ನಾಗಿದೆ ಎಂದುಬಿಟ್ಟರೆ ಮುಗಿಯುತ್ತಿತ್ತು. ಗುರಮ್ಮ ಹಾಗನ್ನಲಿಲ್ಲ. ಸೀದದ್ದನ್ನೇ ತಿಂದ ನಾಲಿಗೆಗೆ ಯಾವ ರುಚಿಯೂ ಹತ್ತಿರಲಿಲ್ಲ.

"ತಿಳೀವಲ್ದು, ಶಾರದಾ" ಎಂದಳು. ಮತ್ತೆ ಕೈ ಚಾಚಿದಳು. "ಇನ್ನೊಂದು ಚೂರು ಕೊಡು."