ಗುಂಡಿಗೆ ಕಟ್ಟಿದ ಕಂಕಣ

ಕಳ್ಳಂಬೆಳ್ಳದಲ್ಲಿದ್ದ ನಮ್ಮಣ್ಣನ ಬಲಗೈ ಬಾವಿ ತೋಡುವಾಗ ಕಲ್ಲಿಗೆ ಸಿಕ್ಕಿ ಸತ್ವ ಕಳೆದುಕೊಂಡಿತ್ತು. ಸಣ್ಣ ಟ್ರ್ಯಾಕ್ಟರ್ ಹೇಗೋ ಓಡಿಸುತ್ತಿದ್ದ, ಆದರೆ ಗೊಬ್ಬರ ಸುರಿಯಲು ಟ್ರಾಲಿಯ ತೊಟ್ಟಿ ಎತ್ತಲಾರ. ಆಳು ಕರೆಯುವುದೆಂದರೆ ಅವನಿಗೆ ಪ್ರಾಣಸಂಕಟ.

ಆಗ ಶಿರಾದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟು ದೊಡ್ಡ ಇಂಜಿನಿಯರನಂತೆ ಮೆರೆಯುತ್ತಿದ್ದೆ ನಾನು. ಎಂಬತ್ತರ ದಶಕದ ಕೊನೆಯಲ್ಲಿ ಗುಜರಿಯಲ್ಲೊಂದು ಕರೆಂಟ್ ಜಾಕಿ ಸಿಕ್ಕಿತು. ಬ್ಯಾಟರಿಗೆ ಕೊಟ್ಟರೆ ಮೋಟಾರು ತಿರುಗಿ, ಒಳಗಿನ ತಿರುಪು ಒಂದು ರಾಡನ್ನು ಹೊರಗೆ ನೂಕುತ್ತದೆ. ಅದನ್ನು ತೊಟ್ಟಿಯಡಿ ಕೂರಿಸಿ, ಏರಲು ಒಂದು, ಇಳಿಯಲು ಒಂದು ಒತ್ತುಗುಂಡಿ ಇಟ್ಟೆ. ಕರೆಂಟ್ ತೆಗೆದರೆ ತೊಟ್ಟಿ ನಿಂತಲ್ಲೇ ನಿಲ್ಲುತ್ತಿತ್ತು, ಹತ್ತಾಳು ಹಿಡಿದರೂ ಕದಲುತ್ತಿರಲಿಲ್ಲ. ಅದೇ ನನ್ನ ಜಂಬ.

"ಕೈ ಹಾಕ್ದೆ ಏಳೋದು ದೆವ್ವ ಒಂದೇ ಕಣ್ಲಾ!" ಎಂದು ಅಣ್ಣ ನಕ್ಕ.

ಆಯುಧಪೂಜೆಯ ಮಧ್ಯಾಹ್ನ ತೊಟ್ಟಿ ಎತ್ತಿ ನಿಲ್ಲಿಸಿ ಪೂಜೆ ಮಾಡಿದೆವು. ಗುಂಡಿಗಳ ಪೆಟ್ಟಿಗೆಗೂ ನಾನೇ ಅರಿಶಿನ ಕೊಂಬಿನ ಕಂಕಣ ಸುತ್ತಿ ಕಟ್ಟಿದೆ. ಮೇಲೆ ತೀರ್ಥವನ್ನೂ ಧಾರಾಳವಾಗಿ ಚಿಮುಕಿಸಿದೆ. ಅತ್ತಿಗೆ ಎಲೆ ಹಾಕಲು ಒಳಗೆ ಹೋದರು. ಕೀಲಿಗೆ ಗ್ರೀಸು ಸಾಲದೆಂದು ಅಣ್ಣ ಬಗ್ಗಿ ಎದೆಯವರೆಗೆ ತೊಟ್ಟಿಯಡಿ ತೂರಿದ.

ಆಗ ಗುಂಯ್ ಎಂದಿತು.

ಗುಂಡಿಯ ಹತ್ತಿರ ಯಾರೂ ಇರಲಿಲ್ಲ. ಉರಿಬಿಸಿಲಲ್ಲಿ ತೊಟ್ಟಿ ತಾನೇ ಇಳಿಯುತ್ತಿತ್ತು, ಒಂದಿಷ್ಟೂ ಅವಸರವಿಲ್ಲದೆ. ಹಾಳಾದವನು ನಾನು, ನೋಡುತ್ತ ನಿಂತುಬಿಟ್ಟೆ.

"ಲೇ, ಯಾರ್ಲಾ ಒತ್ತಿದ್..." ಅಣ್ಣನ ಕೂಗು ಅರ್ಧಕ್ಕೇ ನಿಂತಿತು.

ಓಡಿಹೋಗಿ ಬ್ಯಾಟರಿಯ ವೈರುಗಳನ್ನು ಕಿತ್ತೆ. ತೊಟ್ಟಿ ಅವನ ಬೆನ್ನಿನ ಮೇಲೆ ಹಾಗೇ ನಿಂತಿತು. ಹೆಗಲು ಕೊಟ್ಟು ಎತ್ತಿದರೆ, ಊಹೂಂ, ನನ್ನ ಜಂಬ ಅಲ್ಲಾಡಲಿಲ್ಲ. ಯಾಕೆ ಇಳಿಯಿತೋ ಗೊತ್ತಿಲ್ಲ, ವೈರು ಮತ್ತೆ ಕೊಟ್ಟರೆ ಇನ್ನೂ ಇಳಿದೀತು. ಕೆಂಪು, ಕಪ್ಪು ಅದಲು ಬದಲು ಮಾಡಿದರೆ ಮೋಟಾರು ಹಿಂದಕ್ಕೆ ತಿರುಗಬೇಕು. ಲೆಕ್ಕವೇನೋ ಸರಿ, ಆದರೆ ಆ ಯಂತ್ರವನ್ನು ನಂಬುವ ಧೈರ್ಯ ನನಗಿರಲಿಲ್ಲ.

"ಅಣ್ಣಾ, ವೈರು ತಿರುಗಿಸಿ ಇಡ್ಲಾ?"

"ಇಟ್... ಬುಡು."

ಮತ್ತದೇ ಗುಂಯ್. ಕಣ್ಣು ಮುಚ್ಚಿಕೊಂಡೆ. ತೆರೆದಾಗ ತೊಟ್ಟಿಯಡಿ ಬೆಳಕು ಕಂಡಿತು. ಅಣ್ಣ ಕೆಳಗೆ ಜಾರಿ ಕೂತು ಕೆಮ್ಮುತ್ತಿದ್ದ.

ಆಮೇಲೆ ಪೆಟ್ಟಿಗೆ ನೋಡಿದೆ. ನೆನೆದ ನೂಲು ಬಿಗಿದು, ಅರಿಶಿನದ ಕೊಂಬು ಇಳಿಯುವ ಗುಂಡಿಯನ್ನು ಒತ್ತಿ ಹಿಡಿದಿತ್ತು. ಹೊರೆ ಕಟ್ಟಿದ ಹಗ್ಗ ಮಳೆಗೆ ಬಿಗಿಯುವುದು ಗಾಡಿ ಹೊಡೆಯುವವರಿಗೆಲ್ಲ ಗೊತ್ತು, ನನಗೂ ಗೊತ್ತಿತ್ತು.

ಮುಂದಿನ ವರ್ಷ ನಾನು ಪೂಜೆಗೆ ಹೋಗದೆ ಅಂಗಡಿಯಲ್ಲೇ ಕೂತಿದ್ದೆ. ಅಣ್ಣ ಅದೇ ಟ್ರ್ಯಾಕ್ಟರಿನಲ್ಲಿ ಬಂದ. "ಮಿಷನ್‌ಗೆ ಬ್ಯಾಡ, ಕೈ ಕೊಡ್ಲಾ" ಎಂದು ಕಂಕಣವನ್ನು ನನ್ನ ಮುಂಗೈಗೆ ಸುತ್ತಿ, ಸತ್ವವಿಲ್ಲದ ತನ್ನ ಬಲಗೈಯನ್ನೂ ಬಳಸಿಯೇ ಗಂಟು ಹಾಕಿದ. ಗಂಟು ಸಡಿಲವಾಗಿ ಬಿತ್ತು. ನಾನು ಬಿಗಿ ಮಾಡಲಿಲ್ಲ.